ಮುರಗೆಪ್ಪ ಹೇಳಿದ ನೀರಿನ ಸುದ್ದಿ

ಆ ಕಂದೀಲ ಒಂಚೂರು ಸಣ್ಣ ಮಾಡ್ರಿ. ಹಾಂ... ಅಷ್ಟ ಸಾಕು.

ಇದು ನಾ ಕಟ್ಟಿ ಹೇಳೂದಲ್ಲ. ನಮ್ಮವ್ವನ ತವರಮನಿ ಬಾಜೂಕ ನಡದದ್ದು. ಜಮಖಂಡಿ ಸಂಸ್ಥಾನದ ಕಾಲ. ಕೃಷ್ಣಾ ಹೊಳಿ ದಂಡಿಗೆ ಅಂಬಿಗರ ನಾಕಾರು ಮನಿ ಇದ್ದವು. ಅದರಾಗ ಒಂದು ಗೂಳಪ್ಪಂದು. ವಯಸ್ಸಿನ ಹುಡುಗ, ಇನ್ನೂ ಲಗ್ನ ಆಗಿರಲಿಲ್ಲ. ಮನಿಯಾಗ ಅಂವ, ಅವನ ಅಕ್ಕ ಶೇವಂತಿ, ಇಬ್ಬರ.

ಆ ದಿನ ಗೂಳಪ್ಪ ಬನಹಟ್ಟಿಗೆ ಹೋಗಿದ್ದ. ಮೀನಿನ ಬಲಿ ಹೆಣಿಯಾಕ ನೂಲ ಬೇಕಾಗಿತ್ತು. ನೇಕಾರ ಮಹಾಲಿಂಗಪ್ಪ "ತಡಿಯೋ, ಈ ಸೀರಿ ಮಗ್ಗದಿಂದ ಇಳೀಲಿ, ಕೊಡ್ತೇನಿ" ಅಂತ ಕುಂಡ್ರಿಸಿಕೊಂಡ. ಸೀರಿ ಇಳಿಯೂದರಾಗ ಹೊತ್ತ ಮುಣಗಿತು. ನೂಲಿನ ಗಂಟ ಹೆಗಲಿಗೆ ಹಾಕ್ಕೊಂಡು ಗೂಳಪ್ಪ ಒಬ್ಬನ ಹೊಂಟ. ಅಮಾಸಿ ಕತ್ತಲ. ಮಳಿಗಾಲದ ಮಿರಗ ಹತ್ತಿತ್ತು, ಆದರ ನಮ್ಮ ಕಡೆ ಒಂದ ಹನಿ ಬಿದ್ದಿರಲಿಲ್ಲ.

ಊರ ಬಾಯಿಗೆ ಒಂದು ಹಾಳ ಬಾವಿ. ಅಲ್ಲಿಂದ ಹೊಳಿಗೆ ಇಳಕಲು. ಬಾವಿಯೊಳಗ ಕಪ್ಪಿ ಒದರಾಕತ್ತಿದ್ದವು, ವಟರ್ ವಟರ್ ಅಂತ. ಗೂಳಪ್ಪ ಬಾವಿ ಹತ್ರ ಬಂದ... ಕಪ್ಪಿ ನಿಂತವು. ಎಲ್ಲಾ ಒಮ್ಮಿಗೇ. ಬಾವಿಯೊಳಗ 'ಬುಳಕ್' ಅಂತ ಒಂದ ಸಪ್ಪಳ. ಆಮ್ಯಾಲೆ ಹೊಳಿ ಕಡಿಂದ ದನಿ ಬಂತು.

"ನೀರ ಕೆಂಪಾತೋ... ಮೀನ ದಂಡಿಗೆ ಬಂದಾವೋ... ಏಳ್ರೋ..."

ಗೂಳಪ್ಪ ಹೊಳಿ ಕಡೆ ಹೊಳ್ಳಿ ನೋಡಿದ. ಆ ದನಿ ಅವಂಗ ಗುರ್ತಿತ್ತು. ಶೇವಂತಿ ಗಂಡ ಮುರಗೆಪ್ಪನ ದನಿ. ಆ ಮುರಗೆಪ್ಪ ಸತ್ತು ವರ್ಷ ಆಗಾಕ ಬಂದಿತ್ತು.

ಮುರಗೆಪ್ಪ ಹೆಂಗಿದ್ದ ಅಂದರ, ಎಲ್ಲಾರಕಿಂತ ಮೊದಲ ಎದ್ದು ಹೊಳಿಗಿ ಹೋಗಾಂವ. ನೀರಾಗ ಕೈ ಅದ್ದಾಂವ, ಒಂದ ಗುಟಕ ಬಾಯಾಗ ಹಾಕ್ಕೊಂಡು ಉಗುಳಾಂವ, ನೊರಿ ಯಾವ ಕಡೆ ಹೊಂಟೈತಿ ನೋಡಾಂವ. ಆಮ್ಯಾಲೆ ದಂಡಿಮ್ಯಾಲೆ ನಿಂತು ಇಡೀ ಓಣಿಗೆ ಒದರಿ ಹೇಳಾಂವ. ಇವತ್ತ ನೀರ ತಿಳಿ ಐತಿ, ಗಾಳ ಹಾಕ್ರಿ. ಇವತ್ತ ಪಡವಲ ಗಾಳಿ ಐತಿ, ನಡು ಹೊಳಿಗಿ ಹೋಗಬ್ಯಾಡ್ರಿ. ಎಲ್ಲಾರಿಗೂ ಹೇಳಾಂವ. ಅದ ಅವನ ಜೀವಕ್ಕ ಬಂತು.

ಶಿವಯೋಗೆಪ್ಪ ಅಂತ ಒಬ್ಬ ಇದ್ದ. ಎತ್ತಿನಂಥ ಮೈ, ಮಾತಿಗಿಂತ ಕೈ ಮುಂದ. ಹೊಳ್ಯಾಗ ಮೀನ ಕೂಡೋ ಮಡುವಿನ ಬಾಯಿ ತನಗೊಬ್ಬನಿಗೇ ಬೇಕು ಅನ್ನಾಂವ. "ಮಡುವಿಗಿ ಮೀನ ಬಂದದ್ದ ಊರಿಗೆಲ್ಲ ಒದರ್ತೀಯೇನಲೇ?" ಅಂತ ಒಂದ ಸಂಜೀಕ ಮುರಗೆಪ್ಪನ ಎದಿಮ್ಯಾಲಿನ ಅಂಗಿ ಹಿಡದ. "ಹೊಳಿ ನಿಮ್ಮಪ್ಪಂದೇನ?" ಅಂದ ಮುರಗೆಪ್ಪ. ಅಷ್ಟ. ಶಿವಯೋಗೆಪ್ಪ ಹುಟ್ಟ ಎತ್ತಿ ತಲಿಗೆ ಹೊಡದ. ಮುರಗೆಪ್ಪ ಮೊಣಕಾಲ ಊರಿದ. ಮತ್ತ ಹೊಡದ. ಅಂವ ಕೈ ಅಡ್ಡ ತಂದ, ಕೈ ಮುರೀತು. ಹುಟ್ಟ ಎರಡ ತುಂಡ ಆಗೂತನಕ ಹೊಡದ, ಕಾಲಿಲೆ ನೀರಿಗೆ ನೂಕಿದ. ಗೂಳಪ್ಪ ನಡು ಹೊಳ್ಯಾಗ ಹರಗೋಲದಾಗ ಇದ್ದ. ಎಲ್ಲಾ ನೋಡಿದ. ಹುಟ್ಟ ಹಾಕಿ ಹಾಕಿ ದಂಡಿಗೆ ಬರೂದರಾಗ ಬರೇ ಕೆಂಪ ಉಸಕ ಉಳದಿತ್ತು. ಹೆಣ ಸಿಗಲಿಲ್ಲ.

ಹೊಳಿ ಆಚಿ ದಂಡಿ ಬ್ಯಾರೆ ರಾಜರ ಸೀಮಿ. ಶಿವಯೋಗೆಪ್ಪ ಈಸಿ ಆ ಕಡೆ ಹೋಗಿ ಬೀಗರ ಮನಿಯಾಗ ಕುಂತ. ಗದ್ಲ ತಣ್ಣಗಾದ ಮ್ಯಾಲೆ ಬಂದು ಮಡುವಿನ ಬಾಯಿಗೆ ಬಲಿ ಹಾಕಿದ. ಅಂಜಿ ಯಾರೂ ಏನೂ ಅನ್ನಲಿಲ್ಲ.

ಈಗ ಆ ಸತ್ತಾಂವ ಒದರಾಕತ್ತಾನ.

ಗೂಳಪ್ಪ ಓಡಿ ಬಂದು ಬಾಗಲಾ ಹಾಕ್ಕೊಂಡ. ಶೇವಂತಿ ಎದ್ದು ಕುಂತಳು. ಅಂವ ಪಿಸುಮಾತಿನ್ಯಾಗ ಹೇಳಿದ. ಆಕಿ ಅಳಲಿಲ್ಲ.

"ನೀರ ಹೆಂಗೈತಿ ಅಂದಾ?"

"ಕೆಂಪಾತು ಅಂದಾ. ಮೀನ ದಂಡಿಗೆ ಬಂದಾವು ಅಂದಾ."

ಆಮ್ಯಾಲೆ ಆಕಿ ಕೇಳಿದಳು. "ನನ್ನ ಸುದ್ದಿ ಏನರ ಕೇಳಿದನೇನೋ?"

"ಇಲ್ಲಬೇ... ಬರೇ ನೀರಿನ ಸುದ್ದಿ."

ಬೆಳಕ ಹರದ ಮ್ಯಾಲೆ ನೋಡತಾರ, ಹೊಳಿ ಕೆಂಪ. ಮ್ಯಾಲಿನ ಸೀಮ್ಯಾಗ ಎಲ್ಲೋ ಮಳಿ ಆಗಿ ಹೊಸ ನೀರ ಬಂದಿತ್ತು. ದಂಡಿ ಹುಲ್ಲಿನ್ಯಾಗ ಬಾಳಿ ಮೀನ ಪಟಪಟ ಬಡಕೋತಿದ್ದವು. ಗೂಳಪ್ಪ ಬುಟ್ಟಿ ತುಂಬಿದ.

ಮತ್ತೊಂದ ರಾತ್ರಿ ದನಿ ಬಂತು. ಸೆಳವ ಕಡಿಮಿ ಐತಿ ಅಂತು. ಗೂಳಪ್ಪಂಗ ಮತ್ತ ಬುಟ್ಟಿ ತುಂಬ ಮೀನ. ಬ್ಯಾರೆ ಯಾರಿಗೂ ಆ ದನಿ ಕೇಳತಿರಲಿಲ್ಲ. ಶಿವಯೋಗೆಪ್ಪ ಮಾತ್ರ ಆ ಬುಟ್ಟಿ ನೋಡಿ ಹಲ್ಲ ಕಡದ.

ಆಮ್ಯಾಲೆ ಒಂದ ರಾತ್ರಿ ದನಿ ಬ್ಯಾರೆ ಆತು. ಒದರೂದಲ್ಲ... ಕಿವಿಯಾಗ ಹೇಳಿದಂಗ.

"ಇವತ್ತ ನೀರ ಛಲೋ ಇಲ್ಲ. ಇಳೀಬ್ಯಾಡ ಗೂಳ್ಯಾ."

ಗೂಳಪ್ಪ ಹೊರಗ ಬಂದ. ಬಾವಿ ಕಡೆ ಒಂದ ಕಂದೀಲ ಅಳ್ಳಾಡಕೋತ ಹೊಂಟಿತ್ತು. ಶಿವಯೋಗೆಪ್ಪ. ಹೆಗಲಮ್ಯಾಲೆ ಬೀಸುಬಲಿ, ಕೈಯಾಗ ಹುಟ್ಟ. ತಾನ ಮೊದಲ ಹೋಗಿ ಮೀನ ಹೊಡೀಬೇಕು ಅಂತ ಹೊಂಟಿದ್ದ.

ಗೂಳಪ್ಪಗ ಅನಿಸಿತು, ಹೋಗಲಿ ಬಿಡು. ನಮ್ಮಕ್ಕನ ಗಂಡನ್ನ ಕೊಂದಾಂವ, ಹೋಗಲಿ. ಬಾಗಲದಾಗ ನಿಂತ ನಿಂತ... ಆಗಲಿಲ್ಲ. ಹಿಂದ ಓಡಿದ.

"ಶಿವಯೋಗೆಪ್ಪ, ಇಳೀಬ್ಯಾಡ. ನೀರ ಛಲೋ ಇಲ್ಲ."

"ಯಾರ ಹೇಳಿದರಲೇ?"

"ಮುರಗೆಪ್ಪ."

ಶಿವಯೋಗೆಪ್ಪ ಕಂದೀಲ ಎತ್ತಿ ಅವನ ಮಾರಿ ನೋಡಿದ. ಆಮ್ಯಾಲೆ ಹಿಂಗೈಲೆ ಬಾಯಿಗೆ ಹೊಡದ. ಗೂಳಪ್ಪನ ಹಲ್ಲ ತುಟಿಯಾಗ ನಟ್ಟಿತು. "ಮೀನ ನೀ ಒಬ್ಬನ ತಿನ್ನಾಕ ಸತ್ತಾಂವನ ಹೆಸರ ತಗೀತಿ?" ಅಂದು ಇಳಕಲ ಇಳದ.

ಹೊಳಿ ಸುಮ್ಮನಿತ್ತು. ಗಾಳಿ ಇಲ್ಲ, ಅಲಿ ಇಲ್ಲ. ಶಿವಯೋಗೆಪ್ಪ ಕಂದೀಲ ಉಸಕಿನ್ಯಾಗ ಇಟ್ಟ, ಹುಟ್ಟ ಬಾಜೂಕ ಒಗದ. ಬಲಿಯ ಹಗ್ಗ ಮಣಿಕಟ್ಟಿಗೆ ಬಿಗದ. ಬೀಸಿ ಒಗದ. ಬಲಿ ಅಂಚಿನ ಸೀಸದ ಗುಂಡ 'ಝಲ್' ಅಂತ ನೀರಿಗೆ ಬಿದ್ದವು. ಅಂವ ಎಳದ... ಬರಲಿಲ್ಲ. ಮತ್ತ ಎಳದ. ಆ ಕಡಿಂದಾನೂ ಎಳದಂಗ ಆತು.

"ಬಂಡಿಗೆ ಸಿಕ್ಕೈತಿ" ಅಂದ. ಬಂಡಿಗಲ್ಲಿಗೆ ಸಿಕ್ಕ ಬಲಿ ಸುಮ್ಮನಿರತೈತಿ. ಇದು ಎಳೀತಿತ್ತು... ಬಿಡತಿತ್ತು... ಎಳೀತಿತ್ತು. ಹಗ್ಗ 'ಗುಂಯ್' ಅಂತು. ಶಿವಯೋಗೆಪ್ಪ ಮೊಣಕಾಲತನಕ ನೀರಾಗ ಹೋದ. ಸೊಂಟತನಕ ಹೋದ. ಮಣಿಕಟ್ಟಿನ ತೊಗಲ ಸುಲದು ಹಗ್ಗ ಎಲುಬಿಗೆ ಹತ್ತಿತು. ಆಗ ಒದರಿದ, "ಗೂಳಪ್ಪಾ, ಹಿಡಿಯೋ!"

ಗೂಳಪ್ಪ ನೀರಿಗೆ ಜಿಗದು ಅವನ ನಡಾ ತೆಕ್ಕಿ ಹಾಯ್ದು ಹಿಂದಕ್ಕ ಎಳದ. ಹಗ್ಗದಾಗ ಆ ಕಡೆ ಎಳಿಯಾವನ ಜೋರು ತನ್ನ ಎದಿಗೆ ತಿಳೀತಿತ್ತು. ಮೀನಿನ ಜೋರಲ್ಲ ಅದು. ಮನಷ್ಯಾ ಉಸರ ಬಿಗಿ ಹಿಡದು ಎಳದಂಗ. 'ಹುಂ...' ಅಂತ ನೀರಾಗಿಂದ ಬ್ಯಾರೆ ಸಪ್ಪಳಾ ಬರತಿತ್ತು.

ಕಿವಿಯಾಗ ದನಿ. "ಬಿಡೋ ಗೂಳ್ಯಾ."

ಗೂಳಪ್ಪ ಬಿಡಲಿಲ್ಲ. ನಡುವಿನ್ಯಾಗಿನ ಚಾಕು ತಗದು ಹಗ್ಗ ಕೊಯ್ದ. ಇಬ್ಬರೂ ದಂಡಿಗೆ ಅಂಗಾತ ಬಿದ್ದರು.

ಜೀವ ಉಳಿಸಿದವಂಗ ಏನ ಸಿಕ್ಕಿತು ಕೇಳ್ರಿ. ಶಿವಯೋಗೆಪ್ಪ ಎದ್ದ. ಕಣ್ಣ ಹೊರಗ ಬಂದಿದ್ದವು. ಗೂಳಪ್ಪನ ಮಾರಿ ನೋಡಿದ, ಆದರ ಅವಂಗ ಗೂಳಪ್ಪ ಕಾಣಲಿಲ್ಲ. "ಮುರಗ್ಯಾ... ಒಮ್ಮೆ ಕೊಂದೀನಿ, ಇನ್ನೊಮ್ಮೆ ಕೊಲ್ತೀನಿ" ಅಂದು ಹುಟ್ಟ ತಗೊಂಡ. ಗೂಳಪ್ಪ "ನಾನೋ ಯಣ್ಣಾ!" ಅನ್ನೂದರಾಗ ಏಟ ಹೆಗಲಿಗೆ ಬಿತ್ತು. 'ಲಟ್' ಅಂತ ಎಲುಬ ಮುರದದ್ದು ತನಗ ಕೇಳಿಸಿತು. ಬೋರಲ ಬಿದ್ದ. ಬಾಯಿ ತುಂಬ ಉಸಕ. ಇನ್ನೊಂದು ಏಟಿಗೆ ಹುಟ್ಟ ಮ್ಯಾಲೆ ಹೋದದ್ದು ತಿಳೀತು.

ಏಟ ಬೀಳಲಿಲ್ಲ.

ನೀರಾಗಿಂದ ಯಾರೋ ಎದ್ದು ಬರಾಕತ್ತಿದ್ದರು. ಪಚಕ್... ಪಚಕ್... ಪಚಕ್... ಒಂದ ಕಾಲ ಎಳಕೋತ. ಗೂಳಪ್ಪನ ತಲಿ ಹತ್ರಾನ ಹಾದು ಹೋತು ಆ ಹೆಜ್ಜಿ. ತಣ್ಣನ ನೀರ ಅವನ ಕುತಗಿಮ್ಯಾಲೆ ತಟತಟ ಉದರಿತು. ಕಂದೀಲ ಆರಿತು.

"ಬ್ಯಾಡೋ..." ಅಂದ ಶಿವಯೋಗೆಪ್ಪ. ಸಣ್ಣ ಹುಡುಗನ ದನಿ ಆಗಿತ್ತು ಅದು.

ಟಪ್.

"ಯವ್ವಾ..."

ಟಪ್. ಟಪ್. ಆಮ್ಯಾಲೆ ಸಪ್ಪಳ ಮೆತ್ತಗಾತು... ಹಸಿ ಮಣ್ಣಿಗೆ ಬಡದಂಗ. ಒದರೂದು ನಿಂತ ಮ್ಯಾಲೂ ಅದು ನಿಲ್ಲಲಿಲ್ಲ. ಗೂಳಪ್ಪ ತಲಿ ಎತ್ತಲಿಲ್ಲ. ಉಸಕಿನ್ಯಾಗ ಮಾರಿ ಒತ್ತಿ, ಕಣ್ಣ ಮುಚ್ಚಿ ಬಿದ್ದ. ಮುಂದಿಂದು ಅವಂಗ ನೆಪ್ಪಿಲ್ಲ.

ಮುಂಜಾನೆ ಶಿವಯೋಗೆಪ್ಪನ ಹೆಣ ದಂಡಿಮ್ಯಾಲೆ ಸಿಕ್ಕಿತು. ಮಾರಿ ಗುರ್ತ ಹತ್ತತಿರಲಿಲ್ಲ. ಕೈಗೆ ಇನ್ನೂ ಹಗ್ಗದ ತುಂಡ ಇತ್ತು, ಅದರ ಮ್ಯಾಲೆ ಗುರ್ತ ಹಿಡದರು. ಅವನ ಮಂದಿ ಗೂಳಪ್ಪನ ಮ್ಯಾಲೆ ಕುಡಗೋಲ ಹಿಡಕೊಂಡು ಬಂದರು. ಎಲುಬ ಕಟ್ಟೋ ಅಮಸಿದ್ದಪ್ಪ ಸಾವಳಗಿಯಿಂದ ಬಂದು ಕುಂತಿದ್ದ, ಅವರಿಗೆ ಗೂಳಪ್ಪನ ಹೆಗಲ ತೋರಿಸಿದ. "ನೋಡ್ರಿ, ಎಲುಬ ತೊಗಲ ಹರಕೊಂಡು ಹೊರಗ ಬಂದೈತಿ. ಈ ಕೈಲೆ ಇಂವ ರೊಟ್ಟಿ ಮುರಿಯಾಂಗಿಲ್ಲ. ಹುಟ್ಟ ಎತ್ತಿ ಅಂಥಾ ಗಟ್ಟಿ ಆಳಿನ ತಲಿ ಒಡೀತಾನ?" ಅವರು ಕುಡಗೋಲ ಇಳಿಸಿ ಹೋದರು. ಗೂಳಪ್ಪ ಬದಕಿದ. ಬಲಗೈ ಮಾತ್ರ ಹೆಗಲಿಂದ ಮ್ಯಾಲೆ ಏಳಲಿಲ್ಲ, ಸಾಯೂತನಕ. ಆ ರಾತ್ರಿ ಆದ ಮ್ಯಾಲೆ ದನಿ ಬರಲಿಲ್ಲ.

ಆದರ ಗೂಳಪ್ಪ ಮನಿಗೆ ಹೆಂಗ ಬಂದ? ಅವಂಗೂ ಗೊತ್ತಿಲ್ಲ. ಕೋಳಿ ಕೂಗೋ ಹೊತ್ತಿನ್ಯಾಗ ಬಾಗಲಾ ಬಡದ ಸಪ್ಪಳ ಆಗಿ ಶೇವಂತಿ ತಗದಳು. ಹೊಸ್ತಲದಾಗ ತಮ್ಮ ಬಿದ್ದಿದ್ದ, ಬ್ಯಾರೆ ಯಾರೂ ಇಲ್ಲ. ಆಕಿ ಬಾಯಿ ಬಡಕೊಂಡದ್ದ ಕೇಳಿ ಬಾಜೂ ಮನಿಯಿಂದ ನಮ್ಮವ್ವ ಓಡಿ ಬಂದಳು. ಇಬ್ಬರೂ ಅವನ್ನ ಒಳಗ ಎಳಕೊಂಡರು. ಗಾಯ ತೊಳಿಯಾಕ ನೀರ ಬೇಕಂತ ನಮ್ಮವ್ವ ಬಚ್ಚಲಕ್ಕ ಹೋದಳು. ಬಚ್ಚಲ ಒಲಿಯಾಗ ಬೆಂಕಿ ಇರಲಿಲ್ಲ. ಬೂದಿ ತಣ್ಣಗಿತ್ತು, ಮುಟ್ಟಿ ನೋಡಿದಳು. ಶೇವಂತಿ ಒಲಿ ಹಚ್ಚಿರಲಿಲ್ಲ.

ಹಂಡೇದಾಗಿನ ನೀರ ಬಿಸಿ ಇತ್ತು. ಹಸಿ ಗಾಯಕ್ಕ ಎಷ್ಟ ಬಿಸಿ ಬೇಕೋ ಅಷ್ಟ, ನೀರಿನ ಹದ ಬಲ್ಲಾಂವ ಕಾಸಿಟ್ಟಂಗ.

ಖರೇನರಿ. ನಮ್ಮವ್ವ ಅದರಾಗ ಕೈ ಅದ್ದಿ ನೋಡ್ಯಾಳ.