ನೌರೀನ್ ಆಪಾ ಕೇಳಿದ ಭಾಷೆ

“ಆಪಾ, ನಾನು ಬರೆದ ಆ್ಯಪ್ ಫೋನಲ್ಲಿ, ಕಂಪ್ಯೂಟರಲ್ಲಿ ಅಷ್ಟೇ ಅಲ್ಲ, ಮಿಕ್ಸಿಯಲ್ಲೂ ಓಡುತ್ತೆ!”

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಉಮೈರನ ದನಿಗೆ ಎಂಜಿನ್ನೇ ನಾಚಿ ಮೆತ್ತಗಾಗಿತ್ತು. ಪಕ್ಕದಲ್ಲಿದ್ದ ನೌರೀನಳ ಹೊಲಿಗೆ ಅಂಗಡಿಗೆ ಒಂದು ಆ್ಯಪ್ ಬೇಕಿತ್ತು. ಆ ಕೆಲಸ ಹೇಗಾದರೂ ತನಗೇ ಸಿಗಲೆಂದು ಅವನ ಆಸೆ.

“ಯಾವ ಭಾಷೆಯಲ್ಲಿ ಬರೀತೀಯ?”

“ಕನ್ನಡದಲ್ಲಿ. ಬೇಕಂದ್ರೆ ಉರ್ದೂನೂ ಹಾಕ್ತೀನಿ.”

“ಕೋಡ್ ಬರೆಯೋ ಭಾಷೆ, ಮಾರಾಯ! ಫೋನಿಗೂ ಕಂಪ್ಯೂಟರಿಗೂ ಒಂದೇ ಸಲ ಬರೆಯೋಕೆ ಡಾರ್ಟ್ ಒಳ್ಳೇದೋ, ಕಾಟ್ಲಿನ್ನೋ?”

“ಎರಡನ್ನೂ ಸಮಸಮ ಬೆರೆಸ್ತೀನಿ.”

“ಬೆರೆಸೋಕೆ ಅದೇನು ಬಿರಿಯಾನಿ ಮಸಾಲೇನಾ? ಸರಿ, ರಂಜಾನ್ ಹೊಲಿಗೆ ಶುರುವಾಗೋದ್ರೊಳಗೆ ಮುಗಿಸ್ತೀನಿ ಅಂತ ಭಾಷೆ ಕೊಡು.”

ಸ್ಟಾಪ್ ಬಂತು. ಉಮೈರ್ ಎದ್ದು ಬಾಗಿಲತ್ತ ಸರಿದ.

“ಕೊಡೋಕೆ ನನ್ನತ್ರ ಯಾವ ಭಾಷೆನೂ ಇಲ್ಲ ಆಪಾ. ಕೋಡಿಂಗ್ ಕ್ಲಾಸಿಗೆ ಸೇರ್ತಿರೋದೇ ಇವತ್ತು.”