ಎಸೆಯೋ ಸಿಪ್ಪೆಯ ಚಂದ

ಹಲೋ... ಯಾರು ಮಾತಾಡ್ತಿರೋದು, ಭಾವ ತಾನೇ? ... ನಾನು, ಬೇಲಿ ಈಚೆ ಕಡೆಯ ನಾದಿನಿ. ನಂಬರ್ ನೋಡಿಯೂ ಯಾರು ಅಂತ ಕೇಳ್ತೀರಲ್ಲ.

...

ಊಟ ಆಮೇಲೆ ಮಾಡಿ. ಬೆಳಿಗ್ಗೆ ಕಲ್ಲಂಗಡಿಗೆ ಔಷಧಿ ಹೊಡೆಸಿದ್ರಾ ಇಲ್ವಾ, ಅಷ್ಟು ಹೇಳಿ.

...

ಹಾಂ. ಹೂವು ಅರಳಿರೋ ಹೊತ್ತಲ್ಲಿ. ನನ್ನ ಜೇನುಹುಳ ಎಲ್ಲಾ ಅದರ ಮೇಲೇ ಕೂತಿರೋ ಹೊತ್ತಲ್ಲಿ. ಆರು ಪೆಟ್ಟಿಗೇಲಿ ನಾಲ್ಕು ಹೋಯ್ತು ಭಾವ. ಪೆಟ್ಟಿಗೆ ಬಾಯಿ ಹತ್ರ ಹುಳ ರಾಶಿ ಬಿದ್ದಿತ್ತು, ಮೊರದ ತುಂಬ ಗುಡಿಸಿ ಹಾಕಿ ಬಂದೆ. ಕೆಲವು ಇನ್ನೂ ಕಾಲು ಆಡಿಸ್ತಿದ್ವು.

...

ಯಾವ ಅಂಗಡಿಯವರು? ... ಸಿಪ್ಪೆ ಮೇಲೆ ಒಂದು ಚುಕ್ಕೆ ಇದ್ರೂ ವಾಪಸ್ ಕಳಿಸ್ತಾರಾ? ಸಿಪ್ಪೆ ಯಾರು ತಿಂತಾರೆ? ಮನೆಗೆ ಒಯ್ದು, ಹೆಚ್ಚಿ, ಕಸದ ಬುಟ್ಟಿಗೆ ಹಾಕ್ತಾರೆ. ಎಸೆಯೋ ಸಿಪ್ಪೆ ಚಂದ ಕಾಣ್ಲಿ ಅಂತ ನನ್ನ ಹುಳ ಕೊಂದ್ರಿ, ಅಲ್ವಾ? ಅವು ಬರದೆ ಇದ್ರೆ ನಿಮ್ಮ ಬಳ್ಳೀಲಿ ಕಾಯಿ ಹೇಗೆ ಕಚ್ಚುತ್ತೆ? ಹೂವಿಂದ ಹೂವಿಗೆ ನೀವು ಹಾರ್ತೀರಾ?

...

ಬೈತಿಲ್ಲ, ಕೇಳ್ತಿದ್ದೀನಿ. ಆರು ವರ್ಷದಿಂದ ನಡ್ಕೊಂಡು ಬಂದಿದ್ದೇನು? ಹಿಂದಿನ ದಿನ ನೀವೊಂದು ಫೋನ್ ಮಾಡೋದು, ಹುಳ ಗೂಡು ಸೇರಿದ್ಮೇಲೆ ನಾನು ಪೆಟ್ಟಿಗೆ ಬಾಯಿಗೆ ಜಾಲರಿ ಕಟ್ಟೋದು. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?

...

ಮೂರು ಸಲ ಫೋನ್ ಮಾಡಿದ್ರಾ? ... ಸುಳ್ಳು. ನನಗೆ ಒಂದೂ...

...

ಹೌದು, ಬ್ಲಾಕ್ ಮಾಡಿದ್ದೆ. ಪೆಟ್ಟಿಗೆ ಕಿತ್ಕೊಂಡು ತೊಲಗು ಅಂತ ಭಾನುವಾರ ಎಲ್ಲರೆದುರು ಅಂದ್ರಲ್ಲ, ಅವತ್ತೇ. ಫೋನ್ ಹೋಗದಿದ್ರೆ ಯಾರನ್ನಾದ್ರೂ ಕಳಿಸಬೇಕಿತ್ತು.

...

ಅಕ್ಕನ್ನಾ?

...

ಅದಕ್ಕಾ ನಿನ್ನೆ ಅವಳು ಬಂದಿದ್ದು? ... ಗೊತ್ತು, ಬಾಗಿಲು ತಟ್ಟಿದ್ಳು. ಕಿಟಕಿಯಿಂದ ನೋಡ್ತಾನೇ ಇದ್ದೆ. ನಿಮ್ಮ ಪರವಾಗಿ ರಾಜಿಗೆ ಬಂದಿದ್ದಾಳೆ ಅಂದ್ಕೊಂಡು ಚಿಲಕ ತೆಗೀಲಿಲ್ಲ.

...

ನಗ್ಬೇಡಿ. ನನ್ನ ತಪ್ಪು ನನಗೆ ಗೊತ್ತಾಯ್ತು. ಹಾಗಂತ ನಿಮ್ಮದು ಸರಿ ಅಂತಲ್ಲ. ನಾನು ಬಾಗಿಲು ತೆಗೀಲಿಲ್ಲ ಅಂತ ಗೊತ್ತಿದ್ದೂ ಹೊಡೆಸಿದ್ರಲ್ಲ.

...

ಏನಂದ್ರಿ? ಹೊಲದ ಕೆಳಗಿನ ಅರ್ಧಕ್ಕೂ ಹೊಡೆಸ್ತೀರಾ? ಇನ್ನೆರಡು ಪೆಟ್ಟಿಗೆ ಉಳಿದಿದೆ ಭಾವ. ಯಾವತ್ತು? ... ನಾಳೆನಾ, ನಾಡಿದ್ದಾ?

...

ಇನ್ಮೇಲೆ ಹೇಳಿ ಕಳಿಸಲ್ಲ ಅಂದ್ರೆ ಏನರ್ಥ? ... ಬೇಡ, ಅಕ್ಕನ್ನ ಕಳಿಸ್ಬೇಡಿ, ನಾನೇ ಬಂದು ನಿಮ್ಮ ಬಾಗಿಲಲ್ಲಿ ನಿಂತ್ಕೋತೀನಿ. ಯಾವತ್ತು ಅಂತ ಮಾತ್ರ ಹೇಳಿ... ಭಾವ? ... ಹಲೋ? ... ಹಲೋ...