ಗುಂಡಿ, ಗುಡ್ಡೆ, ಗುದ್ದಲಿ

ಬೆಳಿಗ್ಗೆ ಹತ್ತೂಕಾಲಿಗೆ, ವಿಜ್ಞಾನ ಶಿಕ್ಷಕಿಯ ಹುದ್ದೆಯ ಸಂದರ್ಶನಕ್ಕೆ ಕಾದಿದ್ದವರ ಬೆಂಚಿನಲ್ಲಿ, ತಳಪಾಯ ಅಗೆಯುವ ಕೆಲಸದ ತಾಯಿಯೊಬ್ಬಳು ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದುದು ಪಕ್ಕದವರಿಗೂ ಕೇಳಿಸಿತು.

"ವಿಶ್ವಕ್ಕೆ ಶಕ್ತಿ ಎಲ್ಲಿಂದ ಬಂತು ಅಂತ ಕೇಳಿದ್ರೆ?"

"ಒಟ್ಟು ಸೊನ್ನೆ ಇರಬಹುದು ಅಂತೀನಮ್ಮ. ವಸ್ತುಗಳ ಶಕ್ತಿ ಅಗೆದು ಹಾಕಿದ ಗುಡ್ಡೆ ಥರ ಪ್ಲಸ್ಸು, ಗುರುತ್ವದ್ದು ಗುಂಡಿ ಥರ ಮೈನಸ್ಸು. ಎರಡೂ ಸಮ."

"ಯಾರ ಕಿವಿಗೆ ಹೂ ಇಡ್ತೀಯೇ? ಅಗೆದ ಮಣ್ಣು ಯಾವತ್ತು ಅದೇ ಗುಂಡಿಗೆ ಪೂರ್ತಿ ಹಿಡಿಸಿದೆ? ಎರಡು ಪುಟ್ಟಿ ಮಿಕ್ಕೇ ಮಿಗುತ್ತೆ."

"ಮಣ್ಣು ಸಡಿಲ ಆಗಿರುತ್ತಲ್ಲಮ್ಮ, ಅದಕ್ಕೆ."

"ಸರಿ, ಮೊದಲ ಗುದ್ದಲಿ ಹಾಕಿದ್ದು ಯಾರು?"

"ಗೊತ್ತಿಲ್ಲಮ್ಮ."

"ಒಳಗೂ ಹಂಗೇ ಹೇಳು. ಗೊತ್ತಿಲ್ಲದ ಕಡೆ ಅಗೆದ್ರೆ ಪೈಪು ಒಡೆಯುತ್ತೆ."

ಹತ್ತು ಇಪ್ಪತ್ತಕ್ಕೆ ಮಗಳನ್ನು ಒಳಗೆ ಕರೆದರು. ಅಷ್ಟರಲ್ಲಿ ಬೆಂಚಿನ ಉಳಿದ ನಾಲ್ವರು ಅಭ್ಯರ್ಥಿಗಳೂ ಆ ಗುಂಡಿ-ಗುಡ್ಡೆಯ ಉತ್ತರವನ್ನು ಬರೆದುಕೊಂಡಿದ್ದರು. ಮೊದಲ ಗುದ್ದಲಿ ಹಾಕಿದವರ ಹೆಸರಿನ ಜಾಗವನ್ನು ಎಲ್ಲರೂ ಖಾಲಿ ಬಿಟ್ಟಿದ್ದರು.